ಎರಡು ಸಲ ಹಾರ್ನ್

ಮನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ ಹಾರ್ನ್ ಒತ್ತಿದಳು. ಸದ್ದಿಲ್ಲ. ಅಂಗೈ ಊರಿ ಇನ್ನೊಮ್ಮೆ ಒತ್ತಿದಳು. ಕಾರು ತುಟಿ ಪಿಟಕ್ಕೆನ್ನಲಿಲ್ಲ. ಹಿಂದಿನ ಸೀಟಿನ ತುಂಬ ನಾಳೆ ಒಗೆಯಬೇಕಾದ ಹೋಟೆಲಿನ ಚಾದರಗಳ ಗಂಟು. ಬೆಳಗಿನಿಂದ ಲಾಂಡ್ರಿಯಲ್ಲಿ ಮೂಗಿಗೆ ಕವಡೆ ಕಟ್ಟಿಕೊಂಡು ದುಡಿದ ಮೈ ಏಳಲು ಒಲ್ಲೆ ಎನ್ನುತ್ತಿತ್ತು. ಆದರೂ ಇಳಿದಳು. ಗೇಟಿನ ಸಂದಿಯಲ್ಲಿ ಕೈ ತೂರಿಸಿ ಚಿಲಕ ತೆಗೆದು, ಕಾರನ್ನು ಒಳಗೆ ತಂದು ನಿಲ್ಲಿಸಿದಳು.

ಬಾಗಿಲ ಪಕ್ಕದ ಕುರ್ಚಿಯಿಂದ ಮಾವ ತಡಬಡಾಯಿಸಿ ಎದ್ದರು.

"ಯಾರದು? ಗೇಟ್ ಯಾರು ತೆಗೆದ್ರು?"

"ನಾನೇ ಮಾವ. ಹಾರ್ನ್ ಕೈಕೊಟ್ಟಿದೆ."

"ಕೂಗಬಹುದಿತ್ತಲ್ಲಮ್ಮ."

"ಕೂಗೋಕೂ ತ್ರಾಣ ಇರ್ಲಿಲ್ಲ."

ಗೇಟಿನ ಕಡೆಗೆ ಹೆಜ್ಜೆ ಇಟ್ಟ ಮಾವ ಅಲ್ಲೇ ನಿಂತರು. ಒಂದು ಕಾಲದಲ್ಲಿ ಬಸ್ ಓಡಿಸಿದ ಮನುಷ್ಯ. ಕಣ್ಣು ಮಂಜಾಗುತ್ತ ಬಂದು ಈಗ ಬೆಳಕು ಯಾವುದು, ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಮೊದಲು ಸ್ಟೀರಿಂಗ್ ಹೋಯಿತು, ಆಮೇಲೆ ಪೇಪರು, ಆಮೇಲೆ ತರಕಾರಿ ತರುವ ಕೆಲಸ. ಮನೆಯಲ್ಲಿ ಅವರದು ಅಂತ ಉಳಿದದ್ದು ಇದೊಂದೇ: ಸೊಸೆ ಎರಡು ಸಲ ಹಾರ್ನ್ ಹೊಡೆದರೆ ಗೋಡೆ ಸವರುತ್ತ ಹೋಗಿ ಗೇಟು ತೆಗೆದು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದು ಕಾರನ್ನು ಒಳಗೆ ಕರೆಯುವುದು. ಕಾಣದವರು ಕಾಣುವವಳಿಗೆ ದಾರಿ ತೋರಿಸುವುದು ಬೀದಿಯವರಿಗೆ ತಮಾಷೆ. ಅವಳಿಗೂ ಕೆಲವು ಸಂಜೆ ಕಿರಿಕಿರಿಯೇ.

"ನಿನ್ನ ಗಂಡ ಹೇಳ್ತಿದ್ನಲ್ಲ, ತಾನಾಗೇ ತೆರ್ಕೊಳ್ಳೋ ಗೇಟು," ಎಂದರು ಮಾವ, ಕೈಯಿಂದ ಕುರ್ಚಿ ಹುಡುಕುತ್ತ. "ಹಾಕಿಸ್ಬಿಡಿ. ನಡುವೆ ನಾನ್ಯಾಕೆ."

ಕೋಪದಿಂದ ಅಂದಿದ್ದರೆ ಅವಳೂ ಒಂದು ಮಾತು ಆಡಿ ಮುಗಿಸುತ್ತಿದ್ದಳು. ಕೋಪವೇ ಇರಲಿಲ್ಲ. ಚಪ್ಪಲಿ ಬಿಡಲು ಹೊರಟವಳು ಕಾರಿಗೇ ಮರಳಿದಳು.

"ಫ್ಯೂಸ್ ಹೋಗಿರ್ಬೇಕು. ಎಲ್ಲಿರತ್ತೆ ಮಾವ?"

"ಸ್ಟೀರಿಂಗ್ ಕೆಳಗೆ ಒಂದು ಮುಚ್ಚಳ ಇರತ್ತೆ ನೋಡು. ಮೊದ್ಲು ಕೀ ತೆಗಿ."

ಮೊಣಕಾಲೂರಿ, ಮೊಬೈಲಿನ ಬೆಳಕಿನಲ್ಲಿ ಮುಚ್ಚಳ ಬಿಚ್ಚಿದಳು. ಅದರ ಒಳಗಡೆ ಸಾಸಿವೆಕಾಳಿನಷ್ಟು ಸಣ್ಣ ಚಿತ್ರಗಳು. ಹಾರ್ನಿನ ಗುರುತಾದ ಕಹಳೆಯ ಚಿತ್ರ ಸಿಗುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಫ್ಯೂಸು ಉಗುರಿಗೆ ಜಗ್ಗಲಿಲ್ಲ. ಚಾದರಕ್ಕೆ ಸಿಕ್ಕಿಕೊಂಡಿದ್ದ ಬಟ್ಟೆ ಕ್ಲಿಪ್ಪಿನಿಂದ ಕಚ್ಚಿ ಎಳೆದಳು. ಹದಿನೈದು ಎಂದು ಬರೆದ ನೀಲಿ ಪ್ಲಾಸ್ಟಿಕ್ಕಿನ ಒಳಗೆ ತಂತಿ ಸುಟ್ಟು ತುಂಡಾಗಿತ್ತು.

"ಸುಟ್ಟಿದೆ. ಹೊಸದು ಇಲ್ಲ."

"ಅದೇ ಬಣ್ಣ, ಅದೇ ನಂಬರಿಂದು ನೋಡಿ ಬೇಡದ ಕಡೆಯಿಂದ ತೆಗೆದು ಹಾಕು. ಬೇಡದ್ದು ಒಂದು ಇದ್ದೇ ಇರತ್ತೆ."

ಅವಳು ಮತ್ತೆ ಮುಚ್ಚಳದ ಚಿತ್ರಗಳ ಮೇಲೆ ಬೆಳಕು ಹಿಡಿದಳು. ಸಿಗರೇಟು ಹೊತ್ತಿಸುವ ತೂತಿನದೂ ನೀಲಿ, ಅದೇ ಹದಿನೈದು. ಮನೆಯಲ್ಲಿ ಸೇದುವವರಿಲ್ಲ. ಅದನ್ನು ಕಿತ್ತು ಕಹಳೆಯ ಜಾಗಕ್ಕೆ ಒತ್ತಿದಳು.

"ಹೊಡೆದು ನೋಡಮ್ಮ."

ಹೊಡೆಯಲಿಲ್ಲ. ಕಾರನ್ನು ಹಿಂದಕ್ಕೆ ಬಿಟ್ಟು ಬೀದಿಗೆ ಇಳಿಸಿದಳು. ಗೇಟು ಎಳೆದುಕೊಂಡು, ಕೈ ತೂರಿಸಿ ಚಿಲಕ ಹಾಕಿದಳು.

"ಮತ್ತೆ ಎಲ್ಲಿಗೆ ಹೊರಟೆ?" ಒಳಗಿನಿಂದ ಮಾವ ಕೇಳಿದರು.

ಸೀಟಿನಲ್ಲಿ ಕೂತು ಎರಡು ಸಲ ಒತ್ತಿದಳು. ಪೀಂ, ಪೀಂ.

ಒಳಗೆ ಕುರ್ಚಿ ಕಿರ್ರೆಂದಿತು. ಗೋಡೆ ಸವರುವ ಸದ್ದು ಹತ್ತಿರವಾಯಿತು. ಕೈಯೊಂದು ಚಿಲಕಕ್ಕಾಗಿ ತಡಕಾಡತೊಡಗಿತು. ಅವಳು ತಲೆಯನ್ನು ಸೀಟಿಗೆ ಆನಿಸಿ, ಇಂಜಿನ್ ಚಾಲೂ ಇಟ್ಟುಕೊಂಡು, ಕಾದಳು.