ಜಟ್ಟಿಯ ಕೂಗು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ನಾಗಪತಿಯ ಕೈಯಿಂದ ಗಣಪಿ ಹಗ್ಗ ಕಿತ್ತುಕೊಂಡಳು.

"ನೀ ಮುಟ್ಟೂಕಾಗ. ಹೆಗಲೂ ಕೊಡೂಕಾಗ."

ನಾಗಪತಿ ಎದ್ದು, ಲುಂಗಿಗೆ ಕೈ ಒರೆಸಿಕೊಂಡು, ತೆಂಗಿನ ಮರದ ಬುಡಕ್ಕೆ ಹೋಗಿ ನಿಂತ. ಅಂಗಳದಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಜಗಲಿಯ ಮೇಲೆ ಗಣಪಿಯ ಗಂಡ ಜಟ್ಟಿ ಮಲಗಿದ್ದ, ಮೀಸೆ ಬಾಚಿಸಿಕೊಂಡು. ಬಾಚಿದವಳು ಮಗಳು ಸುಪ್ರಿಯಾ. ಹಾಗೇ ಕಳಿಸಿದರೆ ಅಪ್ಪ ಅರ್ಧ ದಾರಿಯಿಂದ ಎದ್ದು ಬಂದಾನು ಎಂದು ಅತ್ತುಕೊಂಡೇ ಹೇಳಿದ್ದಳು.

ಕಾಸರಕೋಡಿನ ಆ ಕೇರಿಯಲ್ಲಿ ಏಂಡಿ ಬಲೆ ಎಳೆಯುವ ತಂಡ ಉಳಿದದ್ದು ಒಂದೇ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಳಸಿ ಬಿಟ್ಟುಬಂದು, ಅದರ ಎರಡು ತುದಿಯ ಹಗ್ಗಗಳನ್ನು ಎರಡು ಗುಂಪಿನವರು ದಡದಲ್ಲಿ ನಿಂತು ಎಳೆಯಬೇಕು. ಒಂದು ಗುಂಪು ಮುಂದಾದರೆ ಬಲೆ ಓರೆಯಾಗುತ್ತದೆ, ಮೀನೆಲ್ಲ ಪಾರು. ಅದಕ್ಕೇ ನಡುವೆ ಒಬ್ಬ ಕೂಗುವವನು ಇರುತ್ತಾನೆ. 'ಹೋ' ಎಂದರೆ ಕಾಲು ಊರು, 'ಹೈಸಾ' ಎಂದರೆ ಎಳೆ.

ಆ ಕೂಗು ಜಟ್ಟಿಯದು. ಅದರ ಬಗ್ಗೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ. ಮನೆಯಲ್ಲಿ ಗಂಜಿಗೆ ಉಪ್ಪಿನಕಾಯಿ ಇಲ್ಲದ ದಿನವೂ ಗಂಟಲಿಗೆ ಕಲ್ಲುಸಕ್ಕರೆ ಬೇಕಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಗಣಪಿ ಬೈಯುತ್ತಿದ್ದಳು. ಬೈದಾದ ಮೇಲೆ ಕಲ್ಲುಸಕ್ಕರೆಯನ್ನು ತಾನೇ ತಂದಿಡುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅವನ ಹೃದಯದ ಬಡಿತ ತೀರ ನಿಧಾನವಾಗಿ, ತಲೆ ತಿರುಗಿ ಬಿದ್ದಾಗ ಮಂಗಳೂರಿನಲ್ಲಿ ಪೇಸ್‌ಮೇಕರ್ ಕೂರಿಸಿದರು. ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣದಷ್ಟು ಉಬ್ಬು. ಸುಧಾರಿಸಿಕೊಂಡು ಮತ್ತೆ ದಡಕ್ಕೆ ಹೋದ ಜಟ್ಟಿ, ಅಂಗಿ ಸರಿಸಿ ಸಿಕ್ಕಸಿಕ್ಕವರಿಗೆ ಅದನ್ನು ತೋರಿಸುತ್ತಿದ್ದ. "ನಂಗೀಗ ಎರಡು ತಾಳ. ಒಂದು ದೇವ್ರದ್ದು, ಒಂದು ಕಂಪನಿದು."

ಅಂಥವನು ಕಳೆದ ವರ್ಷ ಇದ್ದಕ್ಕಿದ್ದಂತೆ ಹಗ್ಗದ ಬಾಲಕ್ಕೆ ಬಂದ. ಎಂದರೆ, ಎಳೆದುಬಂದ ಹಗ್ಗವನ್ನು ಹಿಂದೆ ಕೂತು ಸುತ್ತುವ ಕೆಲಸ. ಕೂಗು ನಾಗಪತಿಯ ಪಾಲಾಯಿತು. ಯಾಕೆಂದು ಕೇಳಿದರೆ "ಎಳೆಯರಿಗೂ ಬೇಕಲ್ದಾ" ಎಂದು ಜಟ್ಟಿ ಮಾತು ಹಾರಿಸಿದ. ನಾಗಪತಿಯೇ ಮಸಲತ್ತು ಮಾಡಿ ಗಂಡನನ್ನು ಕೆಳಗಿಳಿಸಿದ ಎಂದು ಗಣಪಿ ತೀರ್ಮಾನಿಸಿಬಿಟ್ಟಳು. ಹೊನ್ನಾವರದ ಮೀನುಪೇಟೆಯಲ್ಲಿ ಅವನ ಹೆಂಡತಿಗೆ ಕೇಳುವ ಹಾಗೆಯೇ "ಕೂಗು ಕದ್ದವರು" ಎಂದಳು. ನಾಗಪತಿ ಅದನ್ನೂ ನುಂಗಿಕೊಂಡ.

"ಗಣಪಿ, ಹೆಣ ಇಟ್ಕಂಡು ಜಗಳ ಬ್ಯಾಡ," ಎಂದ ಹಮ್ಮಣ್ಣ. ಅವನು ತಂಡದ ಹಿರಿಯ, ಜಟ್ಟಿಯ ಓರಗೆಯವ.

"ಜಗಳ ಅಲ್ಲ ಹಮ್ಮಣ್ಣ. ಬದುಕಿದ್ದಾಗ ಅವ್ರನ್ನ ಬಾಲಕ್ಕೆ ಕೂರಿಸಿದವ, ಈಗ ತಲೆ ಬದಿಗೆ ಹೆಗಲು ಕೊಡೂದು ಎಂತಕೆ? ತಂಡದವ್ರು ಹೊರಗೆ ಹಾಕಿದ ಮನಶಾ ಅಂತ ಹೆಸರು ಹೊತ್ಕಂಡು ಹೋದ್ರು ಅವ್ರು. ಅದು ನಿಮಗೆಲ್ಲ ಗೊತ್ತದೆ."

ಹಮ್ಮಣ್ಣ ತೆಂಗಿನ ಮರದ ಕಡೆ ನೋಡಿದ. ನಾಗಪತಿ ತಲೆಯಾಡಿಸಿದ. "ಬ್ಯಾಡ ಹಮ್ಮಣ್ಣ. ಮಾತು ಕೊಟ್ಟದ್ದು."

"ಮಾತು ತಕಂಡವನೇ ಹೋದ್ನಲೊ. ಇನ್ನು ಯಾರಿಗೆ ಹೆದರೂದು?"

*

ಕಳೆದ ವರ್ಷ ಒಂದು ದಿನ ಬಲೆ ಭಾರವಾಗಿತ್ತು. ಬಂಗಡೆ ತುಂಬಿದೆ ಎಂದು ಎಲ್ಲರಿಗೂ ಕೈಯಲ್ಲೇ ಗೊತ್ತಾಗುತ್ತಿತ್ತು. 'ಹೋ' ಎಂದ ಜಟ್ಟಿ, ಕಾಲು ಊರುವ ಮೊದಲೇ 'ಹೈಸಾ' ಎಂದ. ಆಮೇಲೆ ಎರಡು 'ಹೈಸಾ' ಒಂದರ ಬೆನ್ನಿಗೊಂದು. ಬಡಗಣ ಗುಂಪಿನವರು ಮರಳಿನ ಮೇಲೆ ಮುಗ್ಗರಿಸಿದರು, ಬಲೆ ಓರೆಯಾಯಿತು. ಕಣ್ಣೆದುರೇ ಬಂಗಡೆಯ ಹಿಂಡು ಮಿಂಚಿ ಮಾಯವಾಯಿತು.

ಯಾರೂ ಜಟ್ಟಿಯನ್ನು ದೂರಲಿಲ್ಲ. ಕಡಲಿನ ನೀರೆಳೆತ ಜೋರಿತ್ತು ಎಂದ ಒಬ್ಬ. ಜಟ್ಟಿ ಮರಳಿನಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡ. ಒಳಗೆ ಬಲೆಗೆ ಬಿದ್ದ ಮೀನಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಸುಪ್ರಿಯಾ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು.

"ಮಿಷನ್ನು ಒಳಗಿದ್ದೂ ಹೀಂಗಾಗ್ತದ್ಯಾ?" ಎಂದು ಜಟ್ಟಿ ಕೇಳಿದ. ಕಂಪನಿಯೇ ಮೋಸ ಮಾಡಿತೇನೋ ಎಂಬ ಸಿಟ್ಟು ಅವನಿಗೆ.

"ಮಿಷನ್ ಸರಿಯಾಗೇ ಇದೆ," ಎಂದರು ಡಾಕ್ಟರು. "ಬಡಿತ ನಿಧಾನ ಆದರೆ ಅದು ದೂಡುತ್ತದೆ. ತಾಳ ತಪ್ಪಿ ಓಡುವ ಹೃದಯವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಇದು ಹೊಸ ತೊಂದರೆ. ರಕ್ತ ಹೆಪ್ಪುಗಟ್ಟಬಾರದು, ಅದಕ್ಕೆ ಮಾತ್ರೆ ಕೊಡ್ತೇನೆ. ಒಂದು ಹೊತ್ತೂ ತಪ್ಪಿಸಬೇಡಿ. ಭಾರ ಎಳೆಯೋದು, ಜೋರು ಕೂಗೋದು ಸಾಕು."

ಮರುದಿನ ಜಟ್ಟಿ ದೋಣಿಯ ನೆರಳಿಗೆ ಹಮ್ಮಣ್ಣನನ್ನೂ ನಾಗಪತಿಯನ್ನೂ ಕರೆದ.

"ನಾಳೆಂದ ನೀ ಕೂಗು ನಾಗಪತಿ."

"ನಾ ಎಂತಕೆ? ನೀವು ಇರೂವಾಗ?"

"ನನ್ನ ತಾಳ ಹೋಯ್ತು ಮಾರಾಯ. ಅವತ್ತು ನಿಮಗೆಲ್ಲ ಗೊತ್ತಾಗಿಯೂ ನೀವು ಸುಮ್ಮನಿದ್ರಿ. ಹೀಂಗೇ ಸುಮ್ಮನಿದ್ರೆ ಯಾರದ್ದಾದ್ರೂ ಕಾಲು ಮುರೀತದೆ. ತಾಳ ತಪ್ಪಿದವ ಕೂಗೂಕಾಗ." ಬದಿಗಿದ್ದ ಹಗ್ಗದ ತುದಿ ಎತ್ತಿಕೊಂಡ. "ಹಗ್ಗ ಸುತ್ತೂಕೆ ನಾ ಬತ್ತೆ. ದಡ ಬಿಟ್ಟು ಇರೂಕೆ ನನ್ನ ಹತ್ರ ಆಗೂದಿಲ್ಲ. ಆದ್ರೆ ಗಣಪಿಗೆ ಹೇಳಬ್ಯಾಡಿ. ಗೊತ್ತಾದ್ರೆ ನನ್ನನ್ನ ಮನೆ ಕಂಬಕ್ಕೇ ಕಟ್ಟಿ ಹಾಕ್ತದೆ ಅದು."

*

"ಅವ ಒಂದೊಂದೇ ಉಸಿರು ಹೇಳಿಕೊಟ್ಟ ಇವ್ನಿಗೆ," ಎಂದ ಹಮ್ಮಣ್ಣ. "ಯಾರೂ ಇಳಿಸ್ಲಿಲ್ಲ ಗಣಪಿ. ಇಳಿ ಅನ್ನೂ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಅವನೇ ಇಳಿದ."

ಗಣಪಿ ಮಗಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಅಪ್ಪ ಆಣೆ ಹಾಕಿಸ್ಕಂಡಿದ್ದ. ನಿಂಗೆ ಗೊತ್ತಾದ್ರೆ ದಡಕ್ಕೆ ಬಿಡೂದಿಲ್ಲ ಅಂದ."

"ಬಿಡ್ತಿರ್ಲಿಲ್ಲ," ಎಂದಳು ಗಣಪಿ.

ಆ ಮಾತ್ರೆಗಳು ಮಿಷನ್ನಿಗೆ ಎಂದು ನಂಬಿ ದಿನಾ ಕೊಟ್ಟವಳು ಅವಳೇ. ಒಂದು ಹೊತ್ತೂ ತಪ್ಪಿಸಿರಲಿಲ್ಲ. ಇವತ್ತು ಮುಂಜಾನೆ ಸುಸ್ತೆಂದು ದಡಕ್ಕೆ ಹೋಗದೆ ಜಗಲಿಯಲ್ಲಿ ಕೂತು ಕೂಗು ಕೇಳುತ್ತಿದ್ದ ಜಟ್ಟಿ, "ಇವತ್ತು ಚಲೋ ಕೂಗ್ತ ನಾಗಪತಿ" ಎಂದು ಹೇಳಿ ಗೋಡೆಗೆ ಒರಗಿದ್ದ. ಚಾ ತಂದು ನೋಡಿದರೆ ಹೋಗಿದ್ದ. ಸಾಯುವಾಗಲೂ ನಾಗಪತಿಯ ಹೊಗಳಿಕೆಯೇ ಎಂದು ಅವಳಿಗೆ ಉರಿದಿತ್ತು. ಈಗ ಅದೇ ಮಾತು ಬೇರೆಯಾಗಿ ಕೇಳಿಸಿತು. ಅಷ್ಟು ಜಂಬದ ಮನುಷ್ಯ, ಯಾರೂ ಇಳಿ ಅನ್ನದೆ ತಾನಾಗಿ ಇಳಿದನಲ್ಲ ಎಂದು ಅವಳ ಎದೆ ಹೆಮ್ಮೆಯಿಂದ ತುಂಬಿಬಂತು. ಅಳುವೂ ಅದರ ಜೊತೆಗೇ ಬಂತು.

ತೆಂಗಿನ ಮರದ ಬುಡಕ್ಕೆ ಹೋಗಿ ಹಗ್ಗವನ್ನು ನಾಗಪತಿಯ ಕೈಗೆ ಕೊಟ್ಟಳು.

"ಒಂದು ವರ್ಷ ಬೈಸ್ಕಂಡ್ಯಲೊ. ಒಂದು ಮಾತು ಹೇಳೂಕಾಗ್ಲಿಲ್ವಾ?"

"ಬೈಗಳು ಎಂತ ಅಕ್ಕ, ಕೇಳಿ ರೂಢಿ ಆತು."

"ಬಿಗಿ ಹಾಂಗಾರೆ. ಸಡ್ಲ ಆದ್ರೆ ಅವ್ರು ಬೈತ್ರು. ತಲೆ ಬದಿಗೆ ನೀನೇ ನಿಲ್ಲು."

ಬೆಂಕಿಗೆ ಹಾಕಿದರೆ ಪೇಸ್‌ಮೇಕರ್ ಸಿಡಿಯುತ್ತದೆ ಎಂದು ಪೇಟೆಯ ಡಾಕ್ಟರು ಬಂದು ಆಗಲೇ ಅದನ್ನು ತೆಗೆದುಕೊಟ್ಟಿದ್ದರು. ಗಣಪಿ ಅದನ್ನು ಮುಷ್ಟಿಯಲ್ಲಿ ಹಿಡಿದು ಚಟ್ಟದ ಹಿಂದೆ ನಡೆದಳು. ಗಾಳಿಮರಗಳ ಬೇಲಿಯ ತನಕ ಹೆಂಗಸರು ಹೋಗಬಹುದು. ಅಲ್ಲಿಂದಾಚೆ, ದಡದ ಸುಡುಗಾಡಿಗೆ, ಗಂಡಸರು ಮಾತ್ರ.

ಬೇಲಿ ದಾಟಿದ್ದೇ ಮೆತ್ತನೆ ಮರಳು. ನಾಲ್ವರ ಹೆಜ್ಜೆಯೂ ನಾಲ್ಕು ಕಡೆಯಾಗಿ ಚಟ್ಟ ಒಂದು ಮಗ್ಗುಲಿಗೆ ವಾಲಿತು.

"ಕೂಗೊ ನಾಗಪತಿ," ಎಂದ ಹಮ್ಮಣ್ಣ.

ನಾಗಪತಿ ಬಾಯಿ ತೆರೆದ. 'ಹೋ' ಅರ್ಧ ಬಂತು. ಮುಂದೆ ಅಳುವೇ ಬಂತು. ಅವನ ಹೆಗಲು ಅಲುಗತೊಡಗಿತು.

"ಹೋ..."

ಎಲ್ಲರೂ ತಿರುಗಿ ನೋಡಿದರು. ಬೇಲಿಯ ಗೂಟ ಹಿಡಿದು ನಿಂತಿದ್ದ ಗಣಪಿ ಕೂಗಿದ್ದಳು. ಆ ದಡದಲ್ಲಿ ಹೆಂಗಸರು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಸ್ವರದ ಎಳೆತವೂ ಜಟ್ಟಿಯದೇ, ಉಸಿರು ಹಿಡಿದ ಜಾಗವೂ ಜಟ್ಟಿಯದೇ. ನಾಗಪತಿ ಕಾಲು ಊರಿದ.

"ಹೈಸಾ."

ನಾಲ್ವರೂ ಒಟ್ಟಿಗೆ ಹೆಜ್ಜೆ ಹಾಕಿದರು. ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಗಣಪಿ ಮತ್ತೆ ಕೂಗಿದಳು, ಮತ್ತೆ ಕೂಗಿದಳು. ಚಟ್ಟ ನೆಟ್ಟಗಾಯಿತು. ಮೆತ್ತನೆ ಮರಳಿನ ಮೇಲೆ, ಎಲ್ಲೂ ಓರೆಯಾಗದೆ, ಜಟ್ಟಿ ಕಡಲಿನ ಕಡೆಗೆ ಹೋದ.