ಗೆಡ್ಡೆ ಬಿಡಿಸಿದ ದಿನ

"ಇಷ್ಟು ಆಳ ಸಾಕಾ ರೀ?"

"ಹೂಂ," ಎಂದ ಗಂಡ, ಹಿತ್ತಲ ಬಾಗಿಲಲ್ಲಿ ಹಾಕಿದ್ದ ಕುರ್ಚಿಯಿಂದ.

ಅವಳು ಇನ್ನೊಂದು ಬೊಗಸೆ ಮಣ್ಣು ತೆಗೆದಳು. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವನು ಅವನು. ಬೀದಿಯ ಮಕ್ಕಳಿಗೆಲ್ಲ ಟಿಕ್‌ಟಿಕ್ ಮಾಮ. ಭಾನುವಾರ ಬಂತೆಂದರೆ ಲಿಲ್ಲಿ ಹೂವಿನ ಪಾತಿಯಲ್ಲೇ ಠಿಕಾಣಿ. ಬಟ್ಟೆ ಹೊಲಿಯುವ ಹೆಂಡತಿಯನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. "ನಿನ್ನ ಕೈ ಕತ್ತರಿಗೆ ಸರಿ, ಬೇರಿನ ತಂಟೆಗೆ ಬರ್ಬೇಡ," ಎಂದು ನಗುತ್ತಿದ್ದ.

ನಾಲ್ಕು ತಿಂಗಳ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಉಳಿದದ್ದು ಆ ಒಂದು "ಹೂಂ". ಅದನ್ನೇ ಹಿಡಿದುಕೊಂಡು ಅವಳು ದಿನ ತಳ್ಳಿದ್ದಳು. ಬಾಯಿ ಹೋದರೇನು, ಒಳಗೆ ಮನುಷ್ಯ ಇದ್ದಾನಲ್ಲ! ಪೇಪರ್ ಓದಿ ಹೇಳುತ್ತಿದ್ದಳು, ಅಳತೆಗೆ ಬಂದು ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳ ಕತೆ ಹೇಳಿ ತಾನೇ ನಗುತ್ತಿದ್ದಳು.

ಈ ವರ್ಷ ಗೆಡ್ಡೆಗಳು ಒತ್ತೊತ್ತಾಗಿ ಹೂವೇ ಬಿಟ್ಟಿರಲಿಲ್ಲ. ಎಲೆ ಒಣಗಿದ ಮೇಲೆ ಕಿತ್ತು, ಮರಿಗೆಡ್ಡೆ ಬಿಡಿಸಿ, ಹೊಸ ಪಾತಿಗೆ ಹಾಕಬೇಕು. ಅಷ್ಟು ಅವಳಿಗೂ ಗೊತ್ತು.

"ನೀವು ಬಿಡಿಸಿ ಕೊಡಿ, ನಾನು ನೆಡ್ತೀನಿ. ಎಡಗೈ ಇದೆಯಲ್ಲ?"

ಮಣ್ಣು ಕೊಡವಿ, ಮರಿಗಳು ಅಂಟಿಕೊಂಡಿದ್ದ ದೊಡ್ಡ ಗೆಡ್ಡೆಯೊಂದನ್ನು ಅವನ ಕೈಗಿಟ್ಟಳು. ಅವನು ತಿರುಗಿಸಿ ತಿರುಗಿಸಿ ನೋಡಿದ. ಹೆಬ್ಬೆರಳು ಮೆಲ್ಲಗೆ ಬೇರಿನ ಬುಡಕ್ಕೆ ಹೋಯಿತು. ಮರಿ ಬಿಡಿಸುವುದು ಅಲ್ಲಿಂದಲೇ.

ಅವನು ಗೆಡ್ಡೆಯನ್ನು ಬಾಯಿಗೊಯ್ದು, ಈರುಳ್ಳಿ ಕಚ್ಚುವ ಹಾಗೆ, ಕರಕ್ಕೆಂದು ಕಚ್ಚಿದ.

"ಅಯ್ಯೋ, ಉಗೀರಿ! ಉಗೀರಿ!" ಓಡಿಬಂದು, ಬಾಯಿಗೆ ಬೆರಳು ಹಾಕಿ, ಚೂರು, ಮಣ್ಣು ಎಲ್ಲ ತೆಗೆದಳು.

"ರೀ, ಇದು ಲಿಲ್ಲಿ ಅಲ್ವಾ?"

"ಹೂಂ."

"ಈರುಳ್ಳಿನಾ?"

"ಹೂಂ."

ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೂ ಕೇಳಿಬಿಟ್ಟಳು. "ನಾನು ಯಾರ್ರೀ? ಕೆಲಸದವಳಾ?"

"ಹೂಂ," ಎಂದ ಅವನು, ಅಷ್ಟೇ ಸಮಾಧಾನದಿಂದ.

ಹಾಗಾದರೆ ನಾಲ್ಕು ತಿಂಗಳು ಅವಳು ಮಾತಾಡಿದ್ದು ಗೋಡೆಯ ಜೊತೆ. ಅಳು ಬರಲಿಲ್ಲ. ಅವನ ಬಾಯಿ ತೊಳೆದು, ಗಲ್ಲ ಒರೆಸಿ, ಪಾತಿಗೆ ಮರಳಿದಳು. ಮರಿಗಳನ್ನು ತಾನೇ ಬಿಡಿಸಿದಳು. ಒಂದೆರಡರ ಬೇರು ಹರಿದೇ ಹೋಯಿತು. ಎಲ್ಲ ನೆಟ್ಟಾದ ಮೇಲೆ ಕಚ್ಚಿದ ಗೆಡ್ಡೆಯೊಂದು ಉಳಿಯಿತು. ಬಿಳಿ ತಿರುಳಿನ ಮೇಲೆ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು. ಬಿಸಾಡಲು ಕೈಯೆತ್ತಿದವಳು ತಡೆದು, ಬೇರು ಕೆಳಗೆ ಮಾಡಿ ಅದನ್ನೂ ಗುಂಡಿಗಿಳಿಸಿ, ಎರಡೂ ಅಂಗೈಯಿಂದ ಮಣ್ಣು ಒತ್ತಿದಳು.