ಯಾಯಿಶಜ್ಜನ ಸರದಿ

ಆ ವರ್ಷ ನಮ್ಮ ಯಹೂದಿಗಳ ಚಪ್ಪರದ ಹಬ್ಬಕ್ಕೆ ಊರಿಗೆ ಬಂದದ್ದು ಒಂದೇ ಮಾದಳದ ಹಣ್ಣು. ಅಟ್ಲಾಸ್ ಬೆಟ್ಟದ ಆಚೆಯ ತೋಟಕ್ಕೆ ಮೂರು ದಿನ ಹೇಸರಗತ್ತೆಯ ಮೇಲೆ ಹೋಗಿ ತಂದವನು ನಾನು, ತಡಿ ಹೊಲಿಯುವ ಮಖ್ಲೂಫ್. ಹಾಗಾಗಿ ಹಣ್ಣು ನನ್ನದು. ಹಬ್ಬದ ಮೊದಲೆರಡು ದಿನ ಎರವಲು ಹಣ್ಣು ನಡೆಯುವುದಿಲ್ಲ; ಪ್ರತಿಯೊಬ್ಬನೂ ತನ್ನದೇ ಹಣ್ಣು ಹಿಡಿದು ಸ್ತುತಿ ಹೇಳಬೇಕು. ಒಂದೇ ಹಣ್ಣಿರುವ ನಮ್ಮಂಥವರಿಗೆ ಹಿರಿಯರು ದಾರಿ ಮಾಡಿಟ್ಟಿದ್ದಾರೆ. “ಹಿಂದಿರುಗಿಸುವ ಕರಾರಿನ ಮೇಲೆ ಇದು ನಿನಗೆ ದಾನ” ಎಂದು ನಾನು ಕೊಡುವುದು. ಅವನು ಖರ್ಜೂರದ ಸುಳಿಯ ಕಟ್ಟಿನ ಜೊತೆ ಹಿಡಿದು, ಸ್ತುತಿ ಹೇಳಿ, ಅಲ್ಲಾಡಿಸಿ, ಮತ್ತೆ ನನಗೇ ದಾನ ಕೊಡುವುದು.

ಬೆಳಿಗ್ಗೆ ನಮ್ಮ ಪ್ರಾರ್ಥನಾ ಮಂದಿರ ಸಿನಗಾಗಿನಲ್ಲಿ ಸಾಲು ನಿಂತಾಗ ಕಲಾಯಿ ಹಾಕುವ ಯಾಯಿಶಜ್ಜ ಎಲ್ಲರನ್ನೂ ಮುಂದೆ ಬಿಟ್ಟ. ಕಣಿವೆಯಾಚೆ ಬರ್ಬರ್ ಜನರ ಹಳ್ಳಿಗಳಲ್ಲಿ ಪಾತ್ರೆ ತಿದ್ದಿಕೊಂಡು ಒಬ್ಬನೇ ಇರುವವನು. ಒಂದು ವರ್ಷ ಹೊಳೆ ಅಡ್ಡ ಬಂತು, ಒಂದು ವರ್ಷ ಜ್ವರ. ಬರುವಷ್ಟರಲ್ಲಿ ಮೊದಲೆರಡು ದಿನ ಕಳೆದಿರುತ್ತಿತ್ತು. ಈ ಸಲ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಂದು ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದ.

“ನೀನು ಮೊದಲು ನಿಂತ್ಕೋ ಅಜ್ಜ,” ಎಂದೆ.

“ಬೇಡ ಕಣೋ. ಹನ್ನೊಂದು ವರ್ಷ ಆಯ್ತು ಮೊದಲ ದಿನ ಹಿಡಿದು. ನನ್ನ ಹಿಂದೆ ನಿಂತು ಯಾರೂ ಕೆಮ್ಮಬಾರದು. ಕೊನೆಗೆ ನಿಧಾನಕ್ಕೆ ಹಿಡೀತೀನಿ.”

ಹೋಗಿ ಮೂಲೆಯ ಚಾಪೆಯ ಮೇಲೆ ಕುಳಿತ.

ಹದಿನೇಳು ಜನರಿಗೆ ಕೊಟ್ಟೆ, ಹದಿನೇಳು ಸಲ ವಾಪಸು ತೆಗೆದುಕೊಂಡೆ. ಅಷ್ಟು ಹೊತ್ತೂ ನನ್ನ ಮೊಮ್ಮಗಳು ತಾಮೋ, ತಂದೆಯಿಲ್ಲದ ಐದು ವರ್ಷದ ಕೂಸು, ಹಣ್ಣು ತನಗೂ ಬೇಕೆಂದು ನನ್ನ ನಿಲುವಂಗಿ ಜಗ್ಗಿ ಜಗ್ಗಿ ಅಳುತ್ತಿತ್ತು. ಹದಿನೇಳನೆಯವನು ಹಣ್ಣು ಹಿಂದಿರುಗಿಸಿದ ಮೇಲೆ ಬೇಸತ್ತು ತಿರುಗಿದೆ. “ಅಳಬೇಡ, ತಗೋ. ಹಿಂದಿರುಗಿಸುವ ಕರಾರಿನ ಮೇಲೆ ಇದು ನಿನಗೆ ದಾನ.” ಬಾಯಿ ಅದೇ ಮಾತಿನ ಜಾಡಿನಲ್ಲಿತ್ತು. ಹಣ್ಣು ಅವಳ ಕೈಗೆ ಹೋಯಿತು.

ನಮ್ಮ ಧರ್ಮಗುರು ರಬ್ಬಿ ಹನೀನಾ ಪುಸ್ತಕದಿಂದ ತಲೆ ಎತ್ತಿದರು. “ಮಖ್ಲೂಫ್, ಏನಂದೆ ಈಗ?”

ಆಗ ಮೂಲೆಯಲ್ಲಿ ಏಳುತ್ತಿದ್ದ ಯಾಯಿಶಜ್ಜ ಕಣ್ಣಿಗೆ ಬಿದ್ದ. ತೊಳೆದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ.

“ಸುಮ್ಮನಿರಿಸೋಕೆ ಅಂದೆ ರಬ್ಬಿ. ಮನಸ್ಸಿನಿಂದ ಅಂದದ್ದಲ್ಲ.”

“ಮನಸ್ಸನ್ನ ಯಾರು ಕೇಳಿದರು? ‘ನಿನಗೆ ದಾನ’ ಅಂದೆ ತಾನೆ, ಕೈಗೂ ಕೊಟ್ಟೆ. ಮಗುವಿಗೆ ತಗೊಳ್ಳೋ ಹಕ್ಕಿದೆ, ಕೊಡೋ ಹಕ್ಕಿಲ್ಲ. ದೊಡ್ಡವಳಾಗೋ ತನಕ ಅವಳು ಕೊಟ್ಟದ್ದು ಕೊಟ್ಟ ಹಾಗಲ್ಲ. ಎಲ್ಲರದ್ದೂ ಮುಗಿಯದೆ ಮಕ್ಕಳ ಕೈಗೆ ಕೊಡಬೇಡಿ ಅಂತ ಪ್ರತಿ ವರ್ಷ ಬಡಕೊಳ್ತೀನಲ್ಲ.”

“ಹಾಗಾದ್ರೆ ನಾಳೆ?” ಎಂದೆ.

“ನಾಳೆಯೂ ಅವಳದೇ. ಮೂರನೇ ದಿನದಿಂದ ಎರವಲು ನಡೆಯುತ್ತೆ.”

“ಮೂರನೇ ದಿನದ್ದು ನಂಗೆ ಪ್ರತಿ ವರ್ಷ ಸಿಗುತ್ತೆ,” ಎಂದ ಯಾಯಿಶಜ್ಜ.

ಬಟ್ಟೆಗೆ ಬಣ್ಣ ಹಾಕುವ ಶ್ಮಾಯಾ ಹಲ್ಲು ಕಿಸಿದ. “ಹಣ್ಣಿನ ಯಜಮಾನಿಯನ್ನೇ ಕೇಳಿ ನೋಡಿ. ಮಖ್ಲೂಫಣ್ಣ ಮೂರು ದಿನ ಹೇಸರಗತ್ತೆ ಓಡಿಸಿದ್ದು ಇವಳಿಗೋಸ್ಕರ.”

“ನೀನು ಬಾಯಿ ಮುಚ್ಚು,” ಎಂದೆ. ಬೈಯಬೇಕಾದದ್ದು ಅವನನ್ನಲ್ಲ ಎಂದು ಗೊತ್ತಿತ್ತು.

ರಬ್ಬಿ ಯಾಯಿಶಜ್ಜನತ್ತ ಕೈ ತೋರಿಸಿದರು. “ಕೈಯಲ್ಲಿ ಹಿಡೀಲಿ. ಸ್ತುತಿ ಹೇಳೋದು ಬೇಡ. ದೇವರ ಹೆಸರು ವ್ಯರ್ಥವಾಗುತ್ತೆ.”

ಹಣ್ಣು ಅವನಿಗೆ ಕೊಡುತ್ತೀಯಾ ಎಂದು ನಾನು ಬಗ್ಗಿ ತಾಮೋಳನ್ನು ಕೇಳಿದೆ. ಅವಳು ಹಣ್ಣನ್ನು ಎರಡೂ ಕೈಯಲ್ಲಿ ಯಾಯಿಶಜ್ಜನ ಮುಂದೆ ಚಾಚಿದಳು. “ಹಿಂದಿರುಗಿಸುವ ಕರಾರಿನ ಮೇಲೆ ಇದು ನಿನಗೆ ದಾನ.” ಬೆಳಿಗ್ಗೆಯಿಂದ ಕೇಳಿ ಕೇಳಿ ಒಂದು ಅಕ್ಷರ ತಪ್ಪಲಿಲ್ಲ. ಲೆಕ್ಕಕ್ಕೆ ಬಾರದ ಮಾತು ಅದೊಂದೇ.

ಯಾಯಿಶಜ್ಜ ಸುಳಿಯ ಕಟ್ಟನ್ನು ಬಲಗೈಯಲ್ಲಿ, ಹಣ್ಣನ್ನು ಎಡಗೈಯಲ್ಲಿ ಹಿಡಿದ. ಕಲಾಯಿಯ ಕಪ್ಪು ಕುಳಿತ ಬೆರಳುಗಳಿಂದ ಅದರ ಸಿಪ್ಪೆ ಸವರಿದ. ಹಣ್ಣನ್ನು ಮೂಸಿದ. ಬಾಯಿ ತಾನಾಗಿ ತೆರೆಯಿತು; ರಬ್ಬಿಯತ್ತ ನೋಡಿ ಮುಚ್ಚಿದ. ಸುಮ್ಮನೆ ಮುಂದಕ್ಕೆ ಅಲ್ಲಾಡಿಸಿದ, ಬಲಕ್ಕೆ ಅಲ್ಲಾಡಿಸಿದ. ಮುಂದಿನ ಕೀರ್ತನೆಗಳಿಗೆ ಜನ ಕಾಯುತ್ತಿದ್ದರು. ಯಾರೋ ಕೆಮ್ಮಿದರು. ಉಳಿದದ್ದನ್ನು ಅವನು ಬೇಗ ಬೇಗ ಮುಗಿಸಿದ.

“ತಗೋ ತಾಯಿ, ನಿನ್ನದು ನಿನಗೆ,” ಎಂದು ಹಣ್ಣನ್ನು ಅವಳ ಕೈಯಲ್ಲಿಟ್ಟ. ನನ್ನ ಪಕ್ಕ ಬಂದು ನಿಂತು, ಕೀರ್ತನೆ ಶುರುವಾಗುವ ಮೊದಲು ಮೆಲ್ಲಗೆ ಹೇಳಿದ: “ಬರೋ ವರ್ಷ ಯಾರು ಬೇಕಾದ್ರೂ ಕೆಮ್ಮಲಿ. ನಾನೇ ಮೊದಲು.”

ಅವನಿಗೆ ಆಗಲೇ ಎಂಬತ್ತು ದಾಟಿತ್ತು.

ಪ್ರಾರ್ಥನೆ ಮುಗಿದ ಮೇಲೆ ಹಣ್ಣನ್ನು ನಾರಿನಲ್ಲಿ ಸುತ್ತಿಡೋಣವೆಂದು ತಾಮೋಳ ಮುಂದೆ ಕೈ ಚಾಚಿದೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು.